ಎರಡೆಕರೆ ಐದು ಗುಂಟೆ: ತಂತ್ರಾಂಶವನ್ನು ಪರೀಕ್ಷಿಸುವ ಬಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ತೋಟಿಗರ ಮನೆಗಳಲ್ಲಿ ಬೆಳೆದ ವಿದ್ಯಾರ್ಥಿಗಳಿಗೆ ಪಹಣಿ ಪತ್ರಿಕೆಯ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಸಹಕಾರಿ ಸಂಘದಿಂದ ಬೆಳೆಸಾಲ ಪಡೆಯಬೇಕಾದರೂ, ಅಣ್ಣತಮ್ಮಂದಿರು ಹಿಸ್ಸೆಯಾಗಬೇಕಾದರೂ ಮೊದಲು ಬೇಕಾಗುವುದು ಅದೇ. ಬಹುಕಾಲ ಕೈಬರಹದಲ್ಲಿದ್ದ ಈ ದಾಖಲೆಯು 2000ದ ನಂತರದ ಒಂದೆರಡು ವರ್ಷಗಳಲ್ಲಿ ‘ಭೂಮಿ’ ಯೋಜನೆಯ ಮೂಲಕ ಕರ್ನಾಟಕದಾದ್ಯಂತ ಗಣಕಯಂತ್ರವನ್ನು ಸೇರಿತು.

ನೆಲದ ಲೆಕ್ಕವು ದಶಮಾಂಶ ಪದ್ಧತಿಗೆ ಬಗ್ಗುವಂಥದಲ್ಲ. 16 ಆಣೆಗೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಕ್ರಮವಿಧಿಯನ್ನು ಬರೆಯುವವನೊಬ್ಬನು 2 ಎಕರೆ 5 ಗುಂಟೆಯನ್ನು 2.5 ಎಂದು ಇರಿಸಿಕೊಂಡನೆನ್ನಿ. ಗಣಕಯಂತ್ರಕ್ಕೆ ಎರಡೂವರೆ ಎಕರೆಯೆಂದರೆ 2 ಎಕರೆ 20 ಗುಂಟೆ. ಯಾರ ಬೆವರೂ ಸುರಿಯದೆ 15 ಗುಂಟೆ ನೆಲ ಹುಟ್ಟಿಬಿಟ್ಟಿತು! ಗುಂಟೆಯೊಂದಕ್ಕೆ 1089 ಚದರ ಅಡಿ. 9 ಅಡಿಗೊಂದರಂತೆ ನೆಟ್ಟರೆ ಅಷ್ಟು ನೆಲದಲ್ಲಿ ಸುಮಾರು 200 ಅಡಿಕೆ ಮರಗಳು ಹಿಡಿಯುತ್ತವೆ. ಕಾಗದದ ಮೇಲಿನ ಈ ಮರಗಳಿಗೆ ಸಾಲವೂ ದೊರೆಯಬಹುದು, ನೆರೆಯವರೊಡನೆ ವ್ಯಾಜ್ಯವೂ ಬೆಳೆಯಬಹುದು.

ಇಂಥ ತಪ್ಪುಗಳನ್ನು ಬಳಕೆಗೆ ಮುಂಚೆಯೇ ಹಿಡಿಯುವ ಕೆಲಸಕ್ಕೆ ತಂತ್ರಾಂಶ ಪರೀಕ್ಷೆಯೆಂದು ಹೆಸರು. ಕ್ರಮವಿಧಿ ಸಿದ್ಧವಾದ ಮೇಲೆ ಒಮ್ಮೆ ಓಡಿಸಿ ನೋಡುವುದೇ ಪರೀಕ್ಷೆಯೆಂದು ಹಲವರು ತಿಳಿದಿದ್ದಾರೆ, ಅದು ಸರಿಯಲ್ಲ. ನಾವೊಂದು ಚಿಕ್ಕ ಕಾಲ್ಪನಿಕ ಕ್ರಮವಿಧಿಯನ್ನು ತೆಗೆದುಕೊಳ್ಳೋಣ. ಜಮೀನುಗಳ ವಿಸ್ತೀರ್ಣವನ್ನು ಕೂಡಿಸುವುದು, ಹಿಸ್ಸೆದಾರರಿಗೆ ಹಂಚುವುದು, ಇಷ್ಟೇ ಅದರ ಕೆಲಸ.

ಮೊದಲನೆಯದು ಯೋಜನೆ. ಏನನ್ನು ಪರೀಕ್ಷಿಸಬೇಕು, ಯಾರು, ಎಷ್ಟು ದಿನಗಳಲ್ಲಿ, ಯಾವ ಹಂತದಲ್ಲಿ ಸಾಕೆನ್ನಬೇಕು ಎಂಬುದನ್ನು ಮುಂಚೆಯೇ ಗೊತ್ತುಮಾಡುತ್ತಾರೆ. ಕೆಲಸವು ಆ ಯೋಜನೆಯಂತೆ ಸಾಗುತ್ತಿದೆಯೆ ಎಂಬ ನಿಗಾ ಕೊನೆಯವರೆಗೂ ಇರುತ್ತದೆ. ಇದರ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ.

ಸ್ವಾರಸ್ಯವಿರುವುದು ಎರಡನೆಯದಾದ ವಿಶ್ಲೇಷಣೆಯಲ್ಲಿ. ಪರೀಕ್ಷಕನು ಇನ್ನೂ ಯಂತ್ರದ ಮುಂದೆ ಕುಳಿತಿಲ್ಲ. ಕ್ರಮವಿಧಿಯು ಏನು ಮಾಡಬೇಕೆಂದು ಬರೆದಿರುವ ಕಾಗದವನ್ನಷ್ಟೆ ಓದುತ್ತಿದ್ದಾನೆ. ಒಂದು ಎಕರೆಯನ್ನು ಮೂವರಿಗೆ ಸಮನಾಗಿ ಹಂಚಬೇಕು. ಒಬ್ಬೊಬ್ಬರಿಗೆ 13 ಗುಂಟೆ 5 ಆಣೆ. ಮೂರನ್ನೂ ಕೂಡಿಸಿದರೆ 39 ಗುಂಟೆ 15 ಆಣೆ. ಉಳಿದ ಒಂದು ಆಣೆ ಎಲ್ಲಿ ಹೋಯಿತು? ಅದು 68 ಚದರ ಅಡಿ. ಒಂದು ಅಡಿಕೆ ಮರದ ಪಾಲಿಗೂ ಸಾಲದು. ಆದರೂ ಹಿಸ್ಸೆಗಳ ಮೊತ್ತ ಮೂಲಕ್ಕೆ ಸಮನಾಗದಿದ್ದರೆ ಲೆಕ್ಕ ತಪ್ಪು. ಆ ಆಣೆ ಯಾರಿಗೆ ಸೇರಬೇಕೆಂದು ಕಾಗದದಲ್ಲಿ ಬರೆದೇ ಇಲ್ಲ! ಕ್ರಮವಿಧಿ ಓಡುವ ಮೊದಲೇ ಒಂದು ದೋಷ ಸಿಕ್ಕಿತು. ಈ ಹಂತದಲ್ಲಿ ಸಿಕ್ಕ ದೋಷವನ್ನು ತಿದ್ದಲು ಒಂದು ವಾಕ್ಯ ಸಾಕು. ಸಾವಿರಾರು ಪಹಣಿಗಳು ಮುದ್ರಿತವಾದ ಮೇಲಾದರೆ ಎಷ್ಟು ಕಷ್ಟವೆಂಬುದನ್ನು ವಾಚಕರೇ ಊಹಿಸಬಹುದು.

ಮುಂದೆ ವಿನ್ಯಾಸ. ಎಲ್ಲ ಸಂಖ್ಯೆಗಳನ್ನೂ ಕೊಟ್ಟು ನೋಡುವುದು ಅಸಾಧ್ಯವಾದುದರಿಂದ, ತಪ್ಪು ಅಡಗಿರಬಹುದಾದ ಸಂಖ್ಯೆಗಳನ್ನೇ ಆಯ್ದುಕೊಳ್ಳಬೇಕು. ಅವು ಸಾಮಾನ್ಯವಾಗಿ ಎಲ್ಲೆಗಳಲ್ಲಿರುತ್ತವೆ. 2 ಎಕರೆ 25 ಗುಂಟೆ 10 ಆಣೆಗೆ 1 ಎಕರೆ 14 ಗುಂಟೆ 6 ಆಣೆಯನ್ನು ಕೂಡಿಸಿರಿ. ಉತ್ತರ ಸರಿಯಾಗಿ 4 ಎಕರೆ. ‘ಗುಂಟೆ 40 ಆದರೆ’ ಎನ್ನಬೇಕಾದ ಕಡೆ ‘40ನ್ನು ಮೀರಿದರೆ’ ಎಂದು ಬರೆದಿದ್ದರೆ 3 ಎಕರೆ 40 ಗುಂಟೆಯೆಂಬ ಉತ್ತರ ಬರುತ್ತದೆ. 10 ಗುಂಟೆಗೆ 12 ಗುಂಟೆಯನ್ನು ಎಷ್ಟು ಸಲ ಕೂಡಿಸಿದರೂ ಈ ತಪ್ಪು ಹೊರಬೀಳದು.

ಇಲ್ಲಿ ಒಂದು ನಿಯಮವನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ಎಣಿಸುತ್ತೇನೆ. ಬರಬೇಕಾದ ಉತ್ತರವನ್ನು ಮೊದಲೇ ಕೈಲೆಕ್ಕದಿಂದ ಬರೆದಿಟ್ಟುಕೊಳ್ಳಬೇಕು. ನಮ್ಮ ಪ್ರಯೋಗಶಾಲೆಯಲ್ಲಿ ಲೋಲಕದ ಆವರ್ತಕಾಲವನ್ನು ಅಳೆಯುವ ವಿದ್ಯಾರ್ಥಿಗಳು ಬಂದ ಅಂಕೆಗೆ ತಕ್ಕ ಸಮರ್ಥನೆಯನ್ನು ಆಮೇಲೆ ಹುಡುಕುವುದುಂಟು! ಪರದೆಯ ಮೇಲೆ ಅಚ್ಚುಕಟ್ಟಾಗಿ ಮೂಡಿದ ಸಂಖ್ಯೆಯನ್ನು ನಂಬುವ ದೌರ್ಬಲ್ಯ ಎಲ್ಲರಿಗೂ ಇದೆ.

ಅನಂತರ ಸಿದ್ಧತೆ. ನಿಜವಾದ ದಾಖಲೆಗಳನ್ನು ಮುಟ್ಟದೆ, ಪರೀಕ್ಷೆಗೆಂದೇ ಬೇರೆ ದತ್ತಾಂಶವನ್ನೂ ಬೇರೆ ಯಂತ್ರವನ್ನೂ ಅಣಿಗೊಳಿಸುತ್ತಾರೆ. ಆದರೆ ಸನ್ನಿವೇಶವು ವಾಸ್ತವಕ್ಕೆ ಹತ್ತಿರವಿರಬೇಕು. ಮಳೆಗಾಲದಲ್ಲಿ ಮರ ಬಿದ್ದು ವಿದ್ಯುತ್ತು ಹೋಗುವುದು ನಮ್ಮ ಕಡೆ ಹೊಸದೇನಲ್ಲ. ಒಬ್ಬನ ಖಾತೆಯಿಂದ ನೆಲ ಕಳೆದು, ಇನ್ನೊಬ್ಬನ ಖಾತೆಗೆ ಸೇರುವ ಮುನ್ನ ಯಂತ್ರ ನಿಂತರೆ? ಅದನ್ನೂ ಬೇಕೆಂದೇ ನಿಲ್ಲಿಸಿ ನೋಡಬೇಕು.

ಇಷ್ಟಾದ ಮೇಲೆಯೇ ಓಡಿಸುವುದು. ಬಂದ ಉತ್ತರವನ್ನು ಬರೆದಿಟ್ಟುದರೊಡನೆ ಹೋಲಿಸಿ, ವ್ಯತ್ಯಾಸವಿದ್ದರೆ ಯಾವ ಸಂಖ್ಯೆ ಕೊಟ್ಟಾಗ ಏನಾಯಿತೆಂದು ವರದಿ ಬರೆಯುತ್ತಾರೆ. ತಿದ್ದಿದ ಮೇಲೆ ಆ ಪರೀಕ್ಷೆಯೊಂದೇ ಅಲ್ಲ, ಹಿಂದೆ ಸರಿಯಿದ್ದವನ್ನೂ ಮತ್ತೆ ಓಡಿಸಬೇಕು. ಒಂದು ಕಡೆ ತೇಪೆ ಹಾಕಿದರೆ ಇನ್ನೊಂದು ಕಡೆ ಹರಿಯುವುದುಂಟು.

ಹಳೆಯ ಕ್ರಮವಿಧಿಯನ್ನು ಹೊಸ ಕಡೆ ಬಳಸುವಾಗಲಂತೂ ಇದನ್ನು ಬಿಡಲಾಗದು. 1996ರ ಜೂನ್ 4ರಂದು ಯೂರೋಪಿನ ಏರಿಯಾನ್-5 ರಾಕೆಟ್ಟು ತನ್ನ ಮೊದಲ ಹಾರಾಟದಲ್ಲಿ ಸುಮಾರು 40 ಸೆಕೆಂಡುಗಳಲ್ಲಿಯೇ ನಾಶವಾಯಿತು. ಏರಿಯಾನ್-4ರಲ್ಲಿ ಚೆನ್ನಾಗಿ ನಡೆದಿದ್ದ ಕ್ರಮವಿಧಿಯ ಒಂದು ಭಾಗವನ್ನು ಅದರಲ್ಲಿ ಹಾಗೆಯೇ ಉಳಿಸಿಕೊಂಡಿದ್ದರು. ಹೊಸ ರಾಕೆಟ್ಟಿನ ಅಡ್ಡವೇಗ ಹೆಚ್ಚು; ಅದಕ್ಕೆ ಸಂಬಂಧಿಸಿದ ಸಂಖ್ಯೆ, ಅದನ್ನಿರಿಸಿದ ಜಾಗದ ಮಿತಿಯಾದ 32,767ನ್ನು ಮೀರಿತು. ಹೊಸ ಹಾರಾಟದ ಪಥವನ್ನು ಕೊಟ್ಟು ಆ ಭಾಗವನ್ನು ಪರೀಕ್ಷಿಸಿರಲಿಲ್ಲ.

ಕೊನೆಯದು ಮುಕ್ತಾಯ. ಎಷ್ಟು ಪರೀಕ್ಷೆಗಳಾದವು, ಯಾವ ದೋಷಗಳು ಇನ್ನೂ ಉಳಿದಿವೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಬರೆದು, ಪರೀಕ್ಷೆಗಳ ಪಟ್ಟಿಯನ್ನು ಜೋಪಾನವಾಗಿ ತೆಗೆದಿಡುತ್ತಾರೆ. ನಾಳೆ ಯಾರಾದರೂ ನಮ್ಮ ಕ್ರಮವಿಧಿಗೆ ಹೆಕ್ಟೇರಿನ ಲೆಕ್ಕವನ್ನು ಸೇರಿಸಿದರೆ, ಆ ಪಟ್ಟಿಯನ್ನು ಹೊರತೆಗೆದು 39 ಗುಂಟೆ 15 ಆಣೆಗೆ ಒಂದು ಆಣೆಯನ್ನು ಮತ್ತೆ ಕೂಡಿಸಿ ನೋಡಬೇಕಾಗುತ್ತದೆ.