ಹತ್ತು ನಿಮಿಷದ ತೀರ್ಪು: ರ್ಯಾಪ್ ಕೇಳುಗರ ತಪ್ಪು ಕಲ್ಪನೆಗಳು

ಕೈಲಾಂಚ ಹೋಬಳಿಯ ಹುಡುಗರು ಎರಡು ಕಾರಣಕ್ಕೆ ನಿದ್ದೆಗೆಡುತ್ತಾರೆ: ಮನೆಯಲ್ಲಿ ರೇಷ್ಮೆ ಹುಳ ಹಣ್ಣಾದಾಗ, ಇಲ್ಲವೇ ಮೆಚ್ಚಿನ ರ್ಯಾಪರ್‌ನ ಹೊಸ ಹಾಡು ಬರುವಾಗ. ರಾಮನಗರದ ಮಾರುಕಟ್ಟೆಯಲ್ಲಿ ಗೂಡಿಗೆ ರೇಟು ಕಟ್ಟುವ ಮುಂಚೆ ರೀಲರು ನಾಲ್ಕು ಗೂಡನ್ನಾದರೂ ಕೈಗೆತ್ತಿಕೊಂಡು ಅಲುಗಾಡಿಸಿ ನೋಡುತ್ತಾರೆ. ಹಾಡಿಗೆ ಅಷ್ಟೂ ವ್ಯವಧಾನವಿಲ್ಲ. ಹತ್ತು ನಿಮಿಷದೊಳಗೆ ‘ಹಳೇ ಫ್ಲೋ ಇಲ್ಲ ಗುರು’, ‘ಬೀಟ್ ಓಕೆ, ಲಿರಿಕ್ಸ್ ಡಲ್’ ಅಂತ ತೀರ್ಪು ಬಂದುಬಿಡುತ್ತದೆ. ಈ ತೀರ್ಪುಗಳ ಬೆನ್ನಿಗಿರುವ ಕೆಲವು ನಂಬಿಕೆಗಳನ್ನು ಇಲ್ಲಿ ನೋಡೋಣ.

ತಪ್ಪು ಕಲ್ಪನೆ: ರ್ಯಾಪ್ ಬೆಂಗಳೂರಿನ ಇಂಗ್ಲಿಷ್ ಹುಡುಗರ ಶೋಕಿ.

ವಾಸ್ತವ: ಹುಟ್ಟಿದ್ದು ಹಾಗೆಯೇ ಇರಬಹುದು. ಬ್ರೋಧಾ ವಿ ಬೆಂಗಳೂರಿನಿಂದ ಇಂಗ್ಲಿಷಿನಲ್ಲೇ ಹೆಸರು ಮಾಡಿದರು. ಆದರೆ 2016ರ ನಂತರ ಮೊಬೈಲ್ ಡೇಟಾ ಅಗ್ಗವಾಯಿತಲ್ಲ, ಅಲ್ಲಿಗೆ ಆ ಮಾತು ಮುಗಿಯಿತು. ಹುಳ ಹಣ್ಣಾದ ದಿನ ಯಾವುದಾದರೂ ಹುಳುಮನೆಗೆ ಹೋಗಿ ನೋಡಿ. ಹೊಂಬಣ್ಣಕ್ಕೆ ತಿರುಗಿದ ಹುಳಗಳನ್ನು ಒಂದೊಂದಾಗಿ ಆರಿಸಿ, ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ಕೈಗೆ ಪುರುಸೊತ್ತಿರುವುದಿಲ್ಲ. ಸೊಪ್ಪಿನ ಮಂಕರಿಗೆ ಒರಗಿಸಿಟ್ಟ ಮೊಬೈಲಿನಲ್ಲಿ ಕನ್ನಡದ ರ್ಯಾಪರ್ ಆಲ್ ಓಕೆ ಹಾಡುತ್ತಿರುತ್ತಾನೆ. ಅಜ್ಜಿ ಒಂದು ಸಲ ‘ಅದೇನ್ಲಾ ಅದು, ಬೈಯ್ತಾವ್ನಾ?’ ಅನ್ನುತ್ತಾಳೆ. ಆಮೇಲೆ ಅವಳಿಗೂ ರೂಢಿ.

ತಪ್ಪು ಕಲ್ಪನೆ: ಕನ್ನಡ ರ್ಯಾಪ್ ಅಂದರೆ ಎಣ್ಣೆ ಹಾಡು.

ವಾಸ್ತವ: ಈ ಹೆಸರು ಬರಲು ಚಂದನ್ ಶೆಟ್ಟಿಯ ‘3 ಪೆಗ್’ ಗೆದ್ದ ರೀತಿಯೇ ಕಾರಣ. ಎಂ.ಸಿ. ಬಿಜ್ಜು, ಸಿರಿ ಮುಂತಾದವರನ್ನು ಕೇಳಿದವರು ಹಾಗೆ ಹೇಳಲಾರರು. ಅದಿರಲಿ, ಎಣ್ಣೆ ಬಂದರೆ ಸಾಹಿತ್ಯ ಕೆಟ್ಟಿತು ಅನ್ನುವ ವಾದವನ್ನು ರಾಮನಗರದ ಜನ ಮಾಡಲೇಬಾರದು. ಜಿ.ಪಿ. ರಾಜರತ್ನಂ ಹುಟ್ಟಿದ್ದು ಇದೇ ಊರಿನಲ್ಲಿ. 1930ರ ದಶಕದಲ್ಲಿ ಅವರ ‘ರತ್ನನ್ ಪದಗಳು’ ಬಂದಾಗ ಕನ್ನಡ ಕಾವ್ಯದ ನಡುಮನೆಗೆ ರತ್ನ ಎಂಬ ಒಬ್ಬ ಹೆಂಡಗುಡುಕ ನುಗ್ಗಿದ್ದ. ಅವನ ಬಾಯಲ್ಲಿ ಶಾಲೆಯ ಕನ್ನಡವಿರಲಿಲ್ಲ, ಅಕ್ಷರ ನುಂಗುವ, ಒತ್ತು ಬೀಳಿಸುವ ಹಳ್ಳಿ ಮಾತಿತ್ತು. ಆ ಮಾತಿನಲ್ಲೇ ಅವನು ಹೆಂಡತಿ ನಂಜಿಯ ಮೇಲಿನ ಪ್ರೀತಿ ಹೇಳಿದ, ಕನ್ನಡದ ಮೇಲಿನ ಹಟ ಹೇಳಿದ.

ಬರೆದವರು ಯಾರು? ಕನ್ನಡ ಪಾಠ ಹೇಳುವ ಮೇಷ್ಟ್ರು, ಮಕ್ಕಳ ಪದ್ಯ ಬರೆದವರು, ಬೌದ್ಧ–ಜೈನ ಸಾಹಿತ್ಯ ಓದಿಕೊಂಡವರು. ರತ್ನ ಬೇರೆ, ರಾಜರತ್ನಂ ಬೇರೆ. ರ್ಯಾಪರ್ ‘ನಾನು’ ಅಂದ ಕೂಡಲೇ ಅದು ಅವನ ಜಾತಕ ಅಂತ ನಂಬಿ, ಮುಂದಿನ ಹಾಡಿನಲ್ಲಿ ಅವನು ಬೇರೆ ಮಾತಾಡಿದರೆ ‘ಮಾರ್ಕೊಂಡ್ಬಿಟ್ಟ’ ಅಂತ ಸಿಟ್ಟಾಗುವ ಅಭಿಮಾನಿಗಳಿದ್ದಾರಲ್ಲ, ಅವರಿಗೆ ನಾನು ಮೊದಲು ಕೊಡುವ ಪುಸ್ತಕ ಇದು. ಮೈಸೂರು ಅನಂತಸ್ವಾಮಿ ಅದೇ ಪದಗಳನ್ನು ರಾಗ ಹಾಕಿ ಹಾಡಿದ್ದನ್ನೂ ಜೊತೆಗೆ ಕೇಳಲಿ.

ತಪ್ಪು ಕಲ್ಪನೆ: ರ್ಯಾಪ್ ನಮ್ಮ ಜನಪದದಲ್ಲಿ ಮೊದಲೇ ಇತ್ತು.

ವಾಸ್ತವ: ಇದು ಅಭಿಮಾನದ ಮಾತು, ಕೇಳಲು ಹಿತ. ಗೀಗೀ ಪದದ ಹರದೇಶಿ–ನಾಗೇಶಿಯ ಸವಾಲು–ಜವಾಬನ್ನು ಉದಾಹರಣೆ ಕೊಡುತ್ತಾರೆ. ಎದುರಾಳಿಯನ್ನು ಮಾತಿನಲ್ಲಿ ಕೆಡವುವ ಚಪಲ ಎರಡರಲ್ಲೂ ಇದೆ, ಒಪ್ಪಿದೆ. ಆದರೆ ಗೀಗೀ ಮೇಳ ದಪ್ಪು, ತುಂತುಣಿ ಹಿಡಿದು ಹಾಡುತ್ತದೆ, ಅದಕ್ಕೆ ಧಾಟಿಯುಂಟು. ರ್ಯಾಪ್ ಹುಟ್ಟಿದ್ದು ಬೇರೊಂದು ಕಿತಾಪತಿಯಿಂದ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟು, ಹಾಡಿನ ನಡುವೆ ಬರೀ ತಾಳ ಬರುವ ತುಣುಕನ್ನು ಮತ್ತೆ ಮತ್ತೆ ತಿರುಗಿಸಿದ. ಆ ತಾಳದ ಮೇಲೆ ಮಾತು ಹತ್ತಿತು. ಅವನ 1973ರ ಆಗಸ್ಟ್ 11ರ ಪಾರ್ಟಿಯನ್ನೇ ಹಿಪ್‌ಹಾಪ್‌ನ ಹುಟ್ಟುಹಬ್ಬ ಅಂತ ಆಚರಿಸುತ್ತಾರೆ. ಬಡ ಕರಿಯರ, ವಲಸಿಗರ ಬೀದಿಯ ಆ ಚರಿತ್ರೆಯನ್ನು ನಮ್ಮ ಹೆಸರಿಗೆ ಬರೆದುಕೊಳ್ಳುವುದು ಸರಿಯಲ್ಲ. ಜನಪದಕ್ಕೆ ದೊಡ್ಡಸ್ತಿಕೆ ಬರಲು ಅದರ ಅಗತ್ಯವೂ ಇಲ್ಲ. ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ನಮಗೆ ಕೂಗಳತೆಯಲ್ಲೇ ಇದೆ, ಹೋಗಿ ನೋಡಬಹುದು.

ತಪ್ಪು ಕಲ್ಪನೆ: ಜನಪದವನ್ನು ರ್ಯಾಪ್ ಮುಟ್ಟಿದರೆ ಗಲಾಟೆ ಗ್ಯಾರಂಟಿ.

ವಾಸ್ತವ: ಮಲೆ ಮಹದೇಶ್ವರನ ಜನಪದ ಹಾಡನ್ನು ಚಂದನ್ ಶೆಟ್ಟಿ ರ್ಯಾಪ್ ಮಾಡಿದ 2020ರ ‘ಕೋಲುಮಂಡೆ’ ಗಲಾಟೆಯನ್ನು ಎಲ್ಲರೂ ನೆನಪಿಸುತ್ತಾರೆ. ಅಲ್ಲಿ ಮಾದಪ್ಪನ ಭಕ್ತರು ಕೆರಳಿದ್ದು ಮುಖ್ಯವಾಗಿ ವಿಡಿಯೊದಲ್ಲಿ ಮಾದಪ್ಪನ ಶರಣೆ ಸಂಕಮ್ಮನನ್ನು ತೋರಿಸಿದ ಬಗೆಗೆ. ಚಂದನ್ ಶೆಟ್ಟಿ ಕ್ಷಮೆ ಕೇಳಿದರು. ಮರುವರ್ಷವೇ ‘ಸಲಗ’ ಚಿತ್ರದಲ್ಲಿ ಸಂಗೀತ ನಿರ್ದೇಶಕ ಚರಣ್ ರಾಜ್ ಸಿದ್ದಿ ಕಲಾವಿದರಿಂದಲೇ ಹಾಡಿಸಿದರು, ಜನ ಊರೂರಲ್ಲಿ ಕುಣಿದರು.

ತಪ್ಪು ಕಲ್ಪನೆ: ಕಾದಷ್ಟೂ ಆಲ್ಬಮ್ ಘನವಾಗಿ ಬರುತ್ತದೆ.

ವಾಸ್ತವ: ಅಮೆರಿಕದ ರ್ಯಾಪರ್ ಡಾ. ಡ್ರೆ 1999ರಲ್ಲಿ ‘2001’ ಎಂಬ ಆಲ್ಬಮ್ ತಂದ ಮೇಲೆ ‘ಡಿಟಾಕ್ಸ್’ ಅನ್ನುವ ಆಲ್ಬಮ್ ಬರುತ್ತದೆ ಅಂತ ಹೇಳಿದ. ಅಭಿಮಾನಿಗಳು ಕಾದರು, ಕೆಲವರಿಗೆ ಮದುವೆಯಾಗಿ ಮಕ್ಕಳೂ ಆದವು. 2015ರಲ್ಲಿ ಅವನೇ, ತನಗೆ ಹಿಡಿಸಲಿಲ್ಲ, ಕೈಬಿಟ್ಟೆ ಅಂದ. ಬದಲಿಗೆ ‘ಕಾಂಪ್ಟನ್’ ಕೊಟ್ಟ. ಅದನ್ನು ಅದರಷ್ಟಕ್ಕೆ ಕೇಳಿದವರು ಕಮ್ಮಿ, ಬಾರದ ಆಲ್ಬಮ್ಮಿನ ಜೊತೆ ತೂಗಿದವರೇ ಹೆಚ್ಚು.

ಇನ್ನೂ ಸ್ವಾರಸ್ಯದ ಪ್ರಸಂಗ ಆಂದ್ರೆ 3000ನದು. ಔಟ್‌ಕಾಸ್ಟ್ ಜೋಡಿಯಲ್ಲಿ ಅವನೊಬ್ಬ; ಆ ಜೋಡಿಯ ಕೊನೆಯ ಆಲ್ಬಮ್ ಬಂದದ್ದು 2006ರಲ್ಲಿ. ಅಲ್ಲಿಂದ 17 ವರ್ಷ ‘ಯಾವಾಗ, ಯಾವಾಗ’ ಅಂತ ಕೇಳಿಸಿಕೊಂಡವನು 2023ರ ನವೆಂಬರಿನಲ್ಲಿ ‘ನ್ಯೂ ಬ್ಲೂ ಸನ್’ ತಂದ. ಅದರಲ್ಲಿ ಒಂದು ಸಾಲೂ ರ್ಯಾಪ್ ಇಲ್ಲ, ಪೂರ್ತಿ ಕೊಳಲು! ರ್ಯಾಪ್ ಆಲ್ಬಮ್ ಮಾಡಬೇಕೆಂದೇ ಇದ್ದೆ, ಗಾಳಿ ಈ ಕಡೆ ಬೀಸಿತು ಅನ್ನುವ ಅರ್ಥದ ಉದ್ದ ಹೆಸರು ಮೊದಲ ಟ್ರ್ಯಾಕಿಗೆ. ಐವತ್ತರ ಹತ್ತಿರ ಬಂದವನು ಆಸ್ಪತ್ರೆ ತಪಾಸಣೆ ಬಗ್ಗೆ ರ್ಯಾಪ್ ಮಾಡಲೇ ಅಂತ ಸಂದರ್ಶನದಲ್ಲಿ ನಕ್ಕ. ಮೋಸ ಅಂದವರಿದ್ದರು. ಆದರೆ 12 ನಿಮಿಷ ದಾಟುವ ಆ ಕೊಳಲಿನ ಟ್ರ್ಯಾಕು ಬಿಲ್‌ಬೋರ್ಡ್‌ನ ನೂರರ ಪಟ್ಟಿಗೆ ಹತ್ತಿತು, ಆಲ್ಬಮ್ಮು ಗ್ರ್ಯಾಮಿಯ ವರ್ಷದ ಆಲ್ಬಮ್ ವಿಭಾಗಕ್ಕೆ ನಾಮನಿರ್ದೇಶನವಾಯಿತು. ಹಾಡುವವನಿಗೂ ವಯಸ್ಸಾಗುತ್ತದೆ ಅನ್ನುವುದನ್ನು ಅಭಿಮಾನಿ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ, ಅಷ್ಟೆ.

ತಪ್ಪು ಕಲ್ಪನೆ: ಕನ್ನಡದಲ್ಲಿ ಸಿನಿಮಾ ಬಿಟ್ಟು ಆಲ್ಬಮ್ ಅನ್ನುವುದೇ ಇರಲಿಲ್ಲ.

ವಾಸ್ತವ: 1978ರಲ್ಲೇ ನಿಸಾರ್ ಅಹಮದರ ‘ನಿತ್ಯೋತ್ಸವ’ ಕ್ಯಾಸೆಟ್ಟಾಗಿ ಮನೆಮನೆಗೆ ಹೋಗಿತ್ತು. ‘ಎ’ ಸೈಡು ಮುಗಿದರೆ ತಿರುಗಿಸಿ ಹಾಕಿ ಕೇಳುವ ಅಭ್ಯಾಸ ನಮ್ಮಲ್ಲಿ ಬೆಳೆದದ್ದರಲ್ಲಿ ಭಾವಗೀತೆಗಳ ಪಾಲು ದೊಡ್ಡದು. ಕನ್ನಡ ರ್ಯಾಪ್ ಹುಟ್ಟಿದ ಕಾಲಕ್ಕೆ ಕ್ಯಾಸೆಟ್ ಅಂಗಡಿಗಳೇ ಮುಚ್ಚುತ್ತಿದ್ದವು. ಅದು ಯೂಟ್ಯೂಬಿನಲ್ಲಿ ಬಿಡಿಬಿಡಿ ಹಾಡಾಗಿ ಬೆಳೆದ ಕೂಸು. ಆಲ್ಬಮ್ ಬೇಕು ಅಂತ ಹಟ ಹಿಡಿಯುವವರೇ, ಬಂದ ಮೇಲೆ ಮೂರನೇ ಹಾಡಿಗೆ ಬೆರಳಾಡಿಸಿ ಮುಂದೆ ಓಡಿಸುತ್ತಾರೆ.

ತಪ್ಪು ಕಲ್ಪನೆ: ಜನರ ರುಚಿ ಕೆಟ್ಟುಹೋಗಿದೆ.

ವಾಸ್ತವ: 1987ರಲ್ಲಿ ‘ಪ್ರೇಮಲೋಕ’ ಬಂದಾಗ ಹಂಸಲೇಖ ನಾಯಕ–ನಾಯಕಿಯರ ಮಾತುಕತೆಯನ್ನೇ ಹಾಡು ಮಾಡಿದ್ದರು. ಬಸ್ಸಿನಲ್ಲಿ, ಕಾಲೇಜಿನಲ್ಲಿ ಆಡುವ ಮಾತು ಹಾಗೇ ತಾಳಕ್ಕೆ ಕೂತಿತ್ತು. ಇದು ಹಾಡೋ ಮಾತೋ ಅಂತ ಮೂಗು ಮುರಿದವರಿದ್ದರು; ಕ್ಯಾಸೆಟ್ ಸವೆಯುವಂತೆ ಕೇಳಿದವರು ಹುಡುಗರು. ಅವರಿಗೀಗ ಐವತ್ತು ದಾಟಿದೆ. ಹುಳುಮನೆಯ ರ್ಯಾಪಿಗೆ ‘ಆರ್ಸಲಾ ಅದ್ನ, ಹಾಡಾ ಅದು?’ ಅಂತ ಗದರುವವರು ಅವರೇ. ಮಗನೂ ಕಮ್ಮಿಯೇನಲ್ಲ. ಹೊಸ ಹಾಡು ಅರ್ಧ ಕೇಳಿ, ‘ಮುಂಚಿನ ಥರ ಇಲ್ಲ ಬಿಡು’ ಅಂತ ಏಳು ವರ್ಷದ ಹಿಂದಿನದನ್ನೇ ಮತ್ತೆ ಹಾಕುತ್ತಾನೆ.