ಈ ಚಿತ್ರ ಎಲ್ಲಿಯದು?

ಛಾಯಾಚಿತ್ರ ಸುಳ್ಳಾಡದು ಎಂಬ ಮಾತು ಬಳಕೆಯಲ್ಲಿದೆ. ಚಿತ್ರ ಸುಳ್ಳಾಡದಿರಬಹುದು, ಅದರ ಅಡಿಯಲ್ಲಿ ಬರೆದ ಊರಿನ ಹೆಸರು ಸುಳ್ಳಾಗಲು ಅಡ್ಡಿಯೇನೂ ಇಲ್ಲ. 2019ರ ಆಗಸ್ಟ್ ತಿಂಗಳಲ್ಲಿ ತುಂಗೆಯ ನೀರು ಶಿವಮೊಗ್ಗದ ತಗ್ಗಿನ ಬಡಾವಣೆಗಳಿಗೆ ನುಗ್ಗಿದುದನ್ನು ಓದುಗರು ಮರೆತಿರಲಾರರು. ಅಂಥ ದಿನ, ನೀರಿನಲ್ಲಿ ಮುಳುಗಿದ ರಸ್ತೆಯ ಚಿತ್ರವೊಂದು ನಮ್ಮ ಮೊಬೈಲಿಗೆ ಬಂದಿತೆಂದು ಭಾವಿಸೋಣ. ಅದು ತುಂಗೆಯ ದಡವೊ, ಭದ್ರೆಯ ದಡವೊ? ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಶಿವಮೊಗ್ಗದ ಮೇಲುಗಡೆ ತುಂಗೆಗೆ ಗಾಜನೂರಿನಲ್ಲಿ ಅಣೆಕಟ್ಟು ಇದೆ. ಭದ್ರಾವತಿಯ ಮೇಲುಗಡೆ ಭದ್ರೆಗೆ ಲಕ್ಕವಳ್ಳಿಯಲ್ಲಿ ಇದೆ. ಎರಡು ಹೊಳೆಗಳೂ ಒಂದಾಗುವುದು ಈ ಊರುಗಳನ್ನು ದಾಟಿದ ಮೇಲೆ, ಕೂಡಲಿಯಲ್ಲಿ. ಆದುದರಿಂದ ಒಂದು ಊರಿಗೆ ನೆರೆ ಬಂದರೆ ಇನ್ನೊಂದಕ್ಕೂ ಬರಬೇಕೆಂಬ ನಿಯಮವಿಲ್ಲ. ಹೆಸರು ತಪ್ಪಿದರೆ ಒಂದು ಕಡೆ ಜನ ಸುಮ್ಮನೆ ಗಾಬರಿಗೊಂಡು ಮನೆ ಬಿಡುವರು; ಇನ್ನೊಂದು ಕಡೆ ದೋಣಿಗಾಗಿ ಕಾದವರಿಗೆ ದೋಣಿ ತಲುಪದು.

ಮೊಬೈಲಿನ ಕ್ಯಾಮೆರಾ ಚಿತ್ರದೊಡನೆ ಅಕ್ಷಾಂಶ ರೇಖಾಂಶಗಳನ್ನೂ ಬರೆದಿಡಬಲ್ಲುದು, ನಿಜ. ಆದರೆ ಸಂದೇಶ ಸೇವೆಗಳ ಮೂಲಕ ಚಿತ್ರ ಕೈಯಿಂದ ಕೈಗೆ ದಾಟುವಾಗ ಆ ಬರಹ ಸಾಮಾನ್ಯವಾಗಿ ಕಳಚಿಹೋಗುತ್ತದೆ. ಉಳಿಯುವುದು ಚಿತ್ರವೊಂದೇ. ಅದನ್ನು ಓದುವ ಬಗೆ ಹೇಗೆ?

ನೆರೆಯ ಚಿತ್ರಕ್ಕೆ ಮುಂಚೆ, ಬಿಸಿಲಿನಲ್ಲಿ ತೆಗೆದ ಸುಲಭವಾದ ಚಿತ್ರವೊಂದನ್ನು ಕಲ್ಪಿಸಿಕೊಳ್ಳೋಣ. ಜನವರಿ ತಿಂಗಳ ನಡುವಿನ ಒಂದು ದಿನ. ಟಾರು ರಸ್ತೆ, ಅಂಚಿನಲ್ಲಿ ಹಳದಿ ತಲೆಯ ಮೈಲಿಗಲ್ಲು, ಅದರ ಮೇಲೆ 'ಭದ್ರಾವತಿ 8' ಎಂಬ ಬರಹ. ದೂರದಲ್ಲಿ ಅಡಕೆ ತೋಟ. ಕಲ್ಲಿನ ನೆರಳು ಉದ್ದವಾಗಿ ಚಿತ್ರ ತೆಗೆದವನ ಕಡೆಗೇ ಚಾಚಿದೆ.

ಅಡಕೆ ತೋಟದಿಂದ ನಮಗೆ ಪ್ರಯೋಜನವಿಲ್ಲ. ಮಲೆನಾಡಿನ ಅಂಚಿನಲ್ಲೆಲ್ಲ ಅದು ಇದ್ದೇ ಇದೆ. ಹೊಸಬರು ಮೊದಲು ನೋಡುವುದು ಇಂಥ ಅಂದವಾದ ವಸ್ತುಗಳನ್ನೇ ಎಂಬುದು ಒಂದು ವಿನೋದ. ಮೈಲಿಗಲ್ಲಿನ ತಲೆಯ ಬಣ್ಣ ಹೆಚ್ಚು ಹೇಳುತ್ತದೆ: ಹಳದಿ ರಾಷ್ಟ್ರೀಯ ಹೆದ್ದಾರಿಯದು, ಹಸುರು ರಾಜ್ಯ ಹೆದ್ದಾರಿಯದು. ಭದ್ರಾವತಿಗೆ ಬರುವ ರಾಜ್ಯ ಹೆದ್ದಾರಿಗಳೂ ಹಳ್ಳಿಯ ರಸ್ತೆಗಳೂ ಇಷ್ಟರಿಂದಲೇ ಹೊರಗಾದವು. ಉಳಿದುದು ಹೊನ್ನಾವರದ ಕಡೆಯಿಂದ ಸಾಗರ, ಶಿವಮೊಗ್ಗ, ಭದ್ರಾವತಿ, ತರೀಕೆರೆಗಳ ಮೂಲಕ ಹೋಗುವ ಹೆದ್ದಾರಿ ಮಾತ್ರ. ಅದರ ಮೇಲೆ ಭದ್ರಾವತಿಗೆ 8 ಕಿಲೋಮೀಟರು ದೂರದ ಸ್ಥಳಗಳು ಎರಡೇ: ಶಿವಮೊಗ್ಗದ ಕಡೆ ಒಂದು, ತರೀಕೆರೆಯ ಕಡೆ ಒಂದು.

ಇವೆರಡರಲ್ಲಿ ಯಾವುದು? ಇಲ್ಲಿ ಸೂರ್ಯನನ್ನು ಸಾಕ್ಷಿಗೆ ಕರೆಯಬೇಕು. ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವವನ ಮುಖ ಒಟ್ಟಿನಲ್ಲಿ ಆಗ್ನೇಯಕ್ಕೆ. ತರೀಕೆರೆಯಿಂದ ಬರುವವನ ಮುಖ ವಾಯವ್ಯಕ್ಕೆ. ಜನವರಿಯ ಮಧ್ಯದಲ್ಲಿ ಬೆಳಗ್ಗೆ 8 ಗಂಟೆಗೆ ಸೂರ್ಯನಿರುವುದು ಪೂರ್ವದಿಂದ ಸುಮಾರು 26 ಡಿಗ್ರಿ ದಕ್ಷಿಣಕ್ಕೆ, ದಿಗಂತದಿಂದ ಸುಮಾರು 14 ಡಿಗ್ರಿ ಮೇಲೆ. ಅಂದರೆ ಶಿವಮೊಗ್ಗದಿಂದ ಹೊರಟವನಿಗೆ ಅವನು ಹೆಚ್ಚುಕಡಿಮೆ ಎದುರಿಗೇ ಇರುವನು. ಕಲ್ಲಿನ ನೆರಳು ಅದರ ಎತ್ತರದ ನಾಲ್ಕರಷ್ಟು ಉದ್ದವಾಗಿ ಪ್ರಯಾಣಿಕನ ಕಡೆಗೆ ಬೀಳುವುದು. ತರೀಕೆರೆಯಿಂದ ಬರುವವನಿಗೆ ಬೆಳಗಿನ ನೆರಳು ಮುಂದಕ್ಕೆ ಚಾಚುವುದು, ಸಂಜೆಯ ನೆರಳು ಬಲಕ್ಕೆ. ಶಿವಮೊಗ್ಗದ ಕಡೆಯವನಿಗೂ ಸಂಜೆ ನೆರಳು ಎಡಕ್ಕೆ ಸರಿಯುವುದೇ ಹೊರತು ತನ್ನತ್ತ ಬಾರದು. ನಾಲ್ಕು ಸಂಭವಗಳಲ್ಲಿ ಮೂರು ಬಿದ್ದುಹೋದವು. ಗಡಿಯಾರದ ನೆರವಿಲ್ಲದೆಯೇ ಜಾಗವೂ ಹೊತ್ತೂ ಒಟ್ಟಿಗೆ ಸಿಕ್ಕವು. ಮಾಚೇನಹಳ್ಳಿಯ ಆಸುಪಾಸಿನಿಂದ ಹುಡುಕಾಟ ತೊಡಗಬಹುದು. ರಸ್ತೆ ಆ ಜಾಗದಲ್ಲಿ ತಿರುವು ಪಡೆದಿದೆಯೇ ಎಂಬುದನ್ನು ಮಾತ್ರ ನಕ್ಷೆಯಲ್ಲಿ ನೋಡಿಕೊಳ್ಳತಕ್ಕದ್ದು.

ಸೂರ್ಯನು ಇಷ್ಟು ಹೇಳುವುದಾದರೆ ನೆರಳನ್ನು ಅಳೆದೇ ಊರನ್ನು ಗುರುತಿಸಬಾರದೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಲೆಕ್ಕ ಮಾಡಿ ನೋಡೋಣ. ಹಗಲು ಇರುಳು ಸಮವಾದ ದಿನದ ನಡುಹಗಲಿನಲ್ಲಿ ನೆಟ್ಟಗಿನ ಕೋಲಿನ ನೆರಳು, ಕೋಲಿನ ಎತ್ತರವನ್ನು ಅಕ್ಷಾಂಶದ ಟ್ಯಾಂಜೆಂಟಿನಿಂದ ಗುಣಿಸಿದಷ್ಟು. ಶಿವಮೊಗ್ಗದ ಅಕ್ಷಾಂಶ ಸುಮಾರು 13.93 ಡಿಗ್ರಿ, ಭದ್ರಾವತಿಯದು ಸುಮಾರು 13.85. ಒಂದು ಮೀಟರು ಕೋಲಿನ ನೆರಳು ಅಲ್ಲಿ 248 ಮಿಲಿಮೀಟರು. ಇಲ್ಲಿ ಅದಕ್ಕಿಂತ ಒಂದೂವರೆ ಮಿಲಿಮೀಟರಿನಷ್ಟು ಕಡಿಮೆ. ಸೂರ್ಯ ಬಿಂದುವಲ್ಲ, ಅರ್ಧ ಡಿಗ್ರಿ ಅಗಲದ ಬಿಂಬ. ಅದರಿಂದ ನೆರಳಿನ ತುದಿಯಲ್ಲಿ ಉಂಟಾಗುವ ಅರೆನೆರಳೇ ಸುಮಾರು 10 ಮಿಲಿಮೀಟರು ಅಗಲವಿರುತ್ತದೆ. ಒಂದೂವರೆ ಮಿಲಿಮೀಟರು ಅದರೊಳಗೆ ಮುಳುಗಿಹೋಗುತ್ತದೆ. ಸೂರ್ಯನು ದಿಕ್ಕನ್ನು ಚೆನ್ನಾಗಿ ಹೇಳುವನು, ನೆರೆಹೊರೆಯ ಊರುಗಳನ್ನು ಬೇರ್ಪಡಿಸಲಾರನು. ದಿಕ್ಕಿನಲ್ಲಿಯೂ ಒಂದು ಎಚ್ಚರ: ನಡುಹಗಲಿನ ನೆರಳು ಉತ್ತರಕ್ಕೆ ಬೀಳುವುದೆಂಬ ನಿಯಮ ನಮ್ಮಲ್ಲಿ ವರ್ಷವೆಲ್ಲ ನಡೆಯದು. ಏಪ್ರಿಲ್ 27ರ ಸುಮಾರಿಗೆ ಶಿವಮೊಗ್ಗದಲ್ಲಿ ಸೂರ್ಯ ನೆತ್ತಿಯ ಮೇಲೆ ಬಂದು ನೆರಳು ಅಡಗುತ್ತದೆ. ಅಲ್ಲಿಂದ ಆಗಸ್ಟ್ ನಡುವಿನವರೆಗೆ ಅದು ದಕ್ಷಿಣಕ್ಕೆ ಬೀಳುತ್ತದೆ.

ಜಾಗದಷ್ಟೇ ಕಾಲವೂ ಮುಖ್ಯ. ಹಳೆಯ ನೆರೆಯ ಚಿತ್ರ ಹೊಸದೆಂದು ತಿರುಗುವುದೇ ಹೆಚ್ಚು. ಇಲ್ಲಿ ಫಲಕಗಳು ನೆರವಾಗುತ್ತವೆ. ಮೇಲೆ ಹೇಳಿದ ಹೆದ್ದಾರಿಗೆ ಹಿಂದೆ 206 ಎಂಬ ಸಂಖ್ಯೆಯಿತ್ತು. ದೇಶದ ಹೆದ್ದಾರಿಗಳಿಗೆ 2010ರಲ್ಲಿ ಹೊಸ ಸಂಖ್ಯೆಗಳನ್ನು ಕೊಟ್ಟಾಗ ಅದು 69 ಆಯಿತು. ಇಂಗ್ಲಿಷಿನಲ್ಲಿ 'ಶಿಮೊಗ' ಎಂದಿದ್ದ ಹೆಸರು ಅಧಿಕೃತವಾಗಿ 'ಶಿವಮೊಗ್ಗ' ಆದದ್ದು 2014ರ ನವೆಂಬರ್ 1ರಂದು. ಸೋಗಾನೆಯ ವಿಮಾನ ನಿಲ್ದಾಣ ತೆರೆದದ್ದು 2023ರ ಫೆಬ್ರವರಿಯಲ್ಲಿ. ಹೊಸ ಫಲಕ ಕಂಡರೆ ಚಿತ್ರ ಅದಕ್ಕಿಂತ ಹಳೆಯದಾಗಿರಲಾರದು. ಹಳೆಯ ಫಲಕ ಕಂಡರೆ ಅಷ್ಟು ಧೈರ್ಯವಾಗಿ ಹೇಳುವಂತಿಲ್ಲ. ಹಳೆಯ ಫಲಕಗಳು ಬಹಳ ಕಾಲ ನಿಂತಿರುತ್ತವೆ. ವಾಹನಗಳ ಸಂಖ್ಯೆಯನ್ನು ನಾವು ಕಡೆಯ ಸಾಲಿನಲ್ಲಿ ಕೂಡಿಸುವೆವು. 'ಕೆಎ 14' ಶಿವಮೊಗ್ಗದ ಗುರುತೇ ಹೌದು, ಆದರೆ ಅಂಥ ಲಾರಿ ಮಂಗಳೂರಿನಲ್ಲಿಯೂ ನಿಂತಿರಬಹುದು. ನೆಲಕ್ಕೆ ನೆಟ್ಟ ಸಾಕ್ಷಿಗೂ ಚಕ್ರದ ಮೇಲಿನ ಸಾಕ್ಷಿಗೂ ಒಂದೇ ತೂಕ ಸಲ್ಲದು.

ಈಗ ನೆರೆಯ ಚಿತ್ರಕ್ಕೆ ಬರೋಣ. ಮೋಡದ ದಿನ ನೆರಳಿಲ್ಲ, ಫಲಕಗಳು ನೀರಿನಲ್ಲಿರಬಹುದು. ಆದರೆ ಶಿವಮೊಗ್ಗದಲ್ಲಿ ಕೋರ್ಪಲಯ್ಯನ ಛತ್ರದ ಬಳಿ, ತುಂಗೆಯ ಪಾತ್ರದಲ್ಲಿ ಒಂದು ಕಲ್ಲಿನ ಮಂಟಪವುಂಟು. ಅದು ಮುಳುಗಿದರೆ ಹೊಳೆ ತುಂಬಿತೆಂದು ಊರವರ ಲೆಕ್ಕ. ಮಂಟಪ ಚಿತ್ರದಲ್ಲಿದ್ದರೆ ಹೊಳೆ ತುಂಗೆಯೆಂದು ತಿಳಿಯುವುದಷ್ಟೇ ಅಲ್ಲ, ನೀರಿನ ಮಟ್ಟವೂ ತಿಳಿಯುತ್ತದೆ. ಇನ್ನೂ ಒಂದು ಲಾಭವಿದೆ. ಮಂಟಪದ ಕಂಬವೊಂದರ ಹಿಂದೆ ಆಚೆ ದಡದ ಯಾವ ಕಟ್ಟಡದ ಮೂಲೆ ಕಾಣುತ್ತಿದೆಯೆಂದು ನೋಡಿ, ನಕ್ಷೆಯ ಮೇಲೆ ಆ ಎರಡನ್ನೂ ಸೇರಿಸುವ ಗೆರೆಯನ್ನು ಈಚೆಗೆ ಬೆಳೆಸಿದರೆ ಚಿತ್ರ ತೆಗೆದವನು ಆ ಗೆರೆಯ ಮೇಲೆಯೇ ಇರಬೇಕು. ಇಂಥ ಇನ್ನೊಂದು ಜೋಡಿ ಸಿಕ್ಕರೆ ಎರಡು ಗೆರೆಗಳು ಕೂಡುವ ಬಿಂದುವೇ ಅವನು ನಿಂತ ಸ್ಥಳ. ಕಂಬ 50 ಮೀಟರು ದೂರದಲ್ಲಿ, ಹಿಂದಿನ ಕಟ್ಟಡ 200 ಮೀಟರು ದೂರದಲ್ಲಿ ಇವೆಯೆನ್ನೋಣ. ನಾವು ಒಂದು ಮೀಟರು ಪಕ್ಕಕ್ಕೆ ಸರಿದರೆ, ಸಮರೂಪ ತ್ರಿಭುಜಗಳ ನಿಯಮದಂತೆ, ಕಂಬದ ಹಿಂದೆ ಕಾಣುವ ಭಾಗ ಮೂರು ಮೀಟರು ಸರಿಯುತ್ತದೆ, ಬರಿಗಣ್ಣಿಗೇ ತಿಳಿಯುವಷ್ಟು. ನೆರಳು ಹಲವು ಕಿಲೋಮೀಟರುಗಳ ಅಂತರವನ್ನು ತೋರಲಾರದೆ ಹೋದ ಕಡೆ, ಒಂದು ಕಂಬ ಮತ್ತು ಒಂದು ಗೋಡೆಯ ಮೂಲೆ ಒಂದು ಹೆಜ್ಜೆಯ ಅಂತರವನ್ನು ತೋರಿಸಿಕೊಡುತ್ತವೆ. ಬೇಸಗೆಯಲ್ಲಿ, ಹೊಳೆ ಇಳಿದಿರುವಾಗ, ಇದನ್ನು ದಡದ ಮೇಲೆ ನಿಂತು ಯಾರು ಬೇಕಾದರೂ ಪರೀಕ್ಷಿಸಬಹುದು.