ಬೇಲಿ ಹಾಕದೆ ಉಳಿದ ಊರು: ಲ್ಯಾಕ್ಸ್‌ಟನ್

ಕಳೆದ ವರ್ಷ ಆರ್ಥಿಕ ಇತಿಹಾಸದ ಪೇಪರಿನಲ್ಲಿ ಇಂಗ್ಲೆಂಡಿನ ಕೃಷಿ ಕ್ರಾಂತಿಯ ಮೇಲೆ ಒಂದು ಪ್ರಶ್ನೆ ಬಂದಿತ್ತು. ಗೈಡಿನಲ್ಲಿ ಇದ್ದದ್ದನ್ನು ಇದ್ದ ಹಾಗೇ ಬರೆದು ಬಂದೆ. "ಎನ್‌ಕ್ಲೋಷರ್ ಆಯಿತು, ಹಳೆಯ ಪದ್ಧತಿ ಹೋಯಿತು, ಇಳುವರಿ ಹೆಚ್ಚಿತು" ಎಂದು ಮೂರು ಮಾತು. ಅಂಕಗಳೇನೋ ಬಂದವು. ಆದರೆ ನಿಜ ಹೇಳಬೇಕೆಂದರೆ, ಏಳನೆಯ ಇಯತ್ತೆಯಿಂದ ಹತ್ತರವರೆಗೂ ಕನ್ನಡದಲ್ಲೇ ಕಲಿತು ಬಂದ ನನಗೆ ಎನ್‌ಕ್ಲೋಷರ್ ಅಂದರೆ ಗೊತ್ತಿದ್ದದ್ದು ಒಂದೇ: ಕಮರ್ಷಿಯಲ್ ಕರೆಸ್ಪಾಂಡೆನ್ಸ್ ವಿಷಯದಲ್ಲಿ ಬರುವ, ಪತ್ರದ ಜೊತೆಗೆ ಲಗತ್ತಿಸುವ ಕಾಗದ! ಹೊಲಕ್ಕೂ ಲಗತ್ತಿಗೂ ಏನು ಸಂಬಂಧ ಅಂತ ಆಮೇಲೆ ನಮ್ಮ ಪ್ರಾಧ್ಯಾಪಕರನ್ನು ಕೇಳಿದೆ. ಅವರು ನಕ್ಕು, "ಎನ್‌ಕ್ಲೋಷರ್ ಅಂದರೆ ಬೇಲಿ ಹಾಕುವುದಪ್ಪಾ. ಬೇಲಿ ಹಾಕುವ ಮೊದಲು ಹೊಲ ಹೇಗಿತ್ತು ಅಂತ ತಿಳಿಯಬೇಕಾದರೆ ಲ್ಯಾಕ್ಸ್‌ಟನ್ ಎಂಬ ಹಳ್ಳಿಯ ವಿಷಯ ಓದು" ಎಂದರು. ಓದಿದೆ. ಓದಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಊರು ಎಲ್ಲಿದೆ ನೋಡೋಣ. ಸ್ಟೆನ್ಸಿಲ್ ಮೇಲೆ ನಕ್ಷೆ ಕೊರೆಯುವುದು ನನ್ನಿಂದಾಗದ ಕೆಲಸ. ಆದ್ದರಿಂದ ಮನಸ್ಸಿನಲ್ಲೇ ಒಂದು ನಕ್ಷೆ ಹಾಕಿಕೊಳ್ಳಿ. ಇಂಗ್ಲೆಂಡಿನ ನಡುಭಾಗದಲ್ಲಿ, ಸ್ವಲ್ಪ ಪೂರ್ವಕ್ಕೆ, ನಾಟಿಂಗ್‌ಹ್ಯಾಮ್‌ಷೈರ್ ಎಂಬ ಕೌಂಟಿ ಇದೆ. ಕೌಂಟಿ ಎಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ರಾಬಿನ್‌ಹುಡ್‌ನ ಕಥೆಯಲ್ಲಿ ಬರುವ ಶೆರ್‌ವುಡ್ ಕಾಡು ಇರುವುದು ಇಲ್ಲಿಯೇ. ಆ ಕಾಡಿನ ಪೂರ್ವಕ್ಕೆ, ಟ್ರೆಂಟ್ ನದಿಯ ಪಶ್ಚಿಮಕ್ಕೆ ಲ್ಯಾಕ್ಸ್‌ಟನ್ ಇದೆ. ತಗ್ಗು ದಿಬ್ಬಗಳ ಸೀಮೆ. ಮಣ್ಣು ಭಾರವಾದ ಜೇಡಿ. ಮಳೆ ಬಿದ್ದರೆ ಕಾಲಿಗೆ ಅಂಟಿಕೊಳ್ಳುತ್ತದೆ, ಒಣಗಿದರೆ ಗಟ್ಟಿಯಾಗುತ್ತದೆ.

ಊರಿನ ನಡುವೆ ಸಂತ ಮೈಕೇಲನ ಹೆಸರಿನ ಹಳೆಯ ಇಗರ್ಜಿ. ಅದರ ಉತ್ತರಕ್ಕೆ ಹುಲ್ಲು ಬೆಳೆದ ಒಂದು ದೊಡ್ಡ ಮಣ್ಣಿನ ದಿಬ್ಬ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಇಲ್ಲಿ ಒಂದು ಕೋಟೆ ಕಟ್ಟಿದರು. ಅದರ ಗುರುತಾಗಿ ಈಗ ಉಳಿದಿರುವುದು ಈ ದಿಬ್ಬ ಮತ್ತು ಕಂದಕಗಳು. 1086ರಲ್ಲಿ ವಿಲಿಯಂ ರಾಜ ದೇಶದ ಭೂಮಿಯನ್ನೆಲ್ಲ ಲೆಕ್ಕ ಹಾಕಿಸಿ ಬರೆಸಿದ ಡೂಮ್ಸ್‌ಡೇ ದಫ್ತರದಲ್ಲಿಯೂ ಈ ಊರಿನ ಹೆಸರಿದೆ. ಅಂದರೆ ಒಂಬೈನೂರು ವರ್ಷಕ್ಕೂ ಮೀರಿದ ದಾಖಲೆ.

ಊರ ಬೀದಿಯ ಎರಡೂ ಕಡೆ ಇಟ್ಟಿಗೆಯ ಒಕ್ಕಲು ಮನೆಗಳು, ಕಣಜಗಳು, ದನದ ಕೊಟ್ಟಿಗೆಗಳು. ಇದರಲ್ಲೇನು ವಿಶೇಷ ಅಂತೀರಾ? ನಮ್ಮ ಕಡೆ ಮನೆ ಊರೊಳಗೆ, ಹೊಲ ಊರ ಹೊರಗೆ ಇರುವುದು ಸಾಮಾನ್ಯ ಸಂಗತಿ. ಇಂಗ್ಲೆಂಡಿನಲ್ಲಿ ಹಾಗಲ್ಲ. ಅಲ್ಲಿ ಅನೇಕ ಕಡೆ ಬೇಲಿ ಬಿದ್ದ ಮೇಲೆ ರೈತ ತನ್ನ ಜಮೀನಿನ ನಡುವೆಯೇ ಒಂಟಿ ಮನೆ ಕಟ್ಟಿಕೊಂಡು ಊರು ಬಿಟ್ಟು ಹೋದ. ಲ್ಯಾಕ್ಸ್‌ಟನ್ನಿನ ರೈತ ಹೋಗಲಿಲ್ಲ. ಯಾಕೆಂದರೆ ಅವನ ಹೊಲ ಒಂದೇ ಕಡೆ ಇರಲಿಲ್ಲ.

ಇಲ್ಲಿಗೆ ವಿಷಯಕ್ಕೆ ಬಂದೆವು. ಊರಿನ ಸುತ್ತ ಮೂರು ದೊಡ್ಡ ಬಯಲುಗಳಿವೆ: ಪಡುವಣ ಬಯಲು, ತೆಂಕಣ ಬಯಲು, ಗಿರಣಿ ಬಯಲು. (ಹೆಸರುಗಳ ಕನ್ನಡ ನನ್ನದು.) ಒಂದೊಂದು ಬಯಲಿನೊಳಗೂ ಉದ್ದುದ್ದ ಪಟ್ಟಿಗಳು. ಪಟ್ಟಿಗೂ ಪಟ್ಟಿಗೂ ನಡುವೆ ಬೇಲಿ ಇಲ್ಲ, ಗೋಡೆ ಇಲ್ಲ. ಒಬ್ಬ ರೈತನಿಗೆ ಪಡುವಣದಲ್ಲಿ ಒಂದೆರಡು ಪಟ್ಟಿ, ತೆಂಕಣದಲ್ಲಿ ಕೆಲವು, ಗಿರಣಿ ಬಯಲಿನಲ್ಲಿ ಇನ್ನು ಕೆಲವು. ಅವನ ಪಕ್ಕದ ಪಟ್ಟಿ ಬೇರೆಯವನದು, ಅದರ ಪಕ್ಕದ್ದು ಮತ್ತೊಬ್ಬನದು.

ಬೆಳೆಯ ಕ್ರಮ ಹೀಗೆ. ಒಂದು ಬಯಲಿನಲ್ಲಿ ಚಳಿಗಾಲಕ್ಕೆ ಮುಂಚೆ ಬಿತ್ತುವ ಗೋಧಿ. ಎರಡನೆಯದರಲ್ಲಿ ವಸಂತದಲ್ಲಿ ಬಿತ್ತುವ ಬಾರ್ಲಿ, ಬಟಾಣಿ, ಅವರೆ ಜಾತಿಯ ಕಾಳು. ಮೂರನೆಯದು ಬೀಳು. ಅದರಲ್ಲಿ ಹಿಂದೆ ಎಲ್ಲರ ಕುರಿ ದನಗಳೂ ಕೂಡಿ ಮೇಯುತ್ತಿದ್ದವು, ಅವುಗಳ ಗೊಬ್ಬರ ಹೊಲಕ್ಕೆ ಬೀಳುತ್ತಿತ್ತು. ಮರುವರ್ಷ ಬಯಲುಗಳ ಸರದಿ ಬದಲಾಗುತ್ತದೆ. ಬಯಲಿನಲ್ಲಿ ಪಟ್ಟಿ ಇರುವವರೆಲ್ಲ ಆ ಸರದಿಗೆ ಒಪ್ಪಲೇಬೇಕು. "ನನ್ನ ಪಟ್ಟಿ, ನನ್ನ ಇಷ್ಟ" ಅಂದರೆ ನಡೆಯುವುದಿಲ್ಲ. ನೇಗಿಲು ಹೋಗದ ತಗ್ಗು, ಜೌಗು ಜಾಗಗಳನ್ನು ಹುಲ್ಲಿಗೆ ಬಿಟ್ಟಿದ್ದಾರೆ. ಅವಕ್ಕೆ ಅಲ್ಲಿ 'ಸೈಕ್' ಎಂದು ಹೆಸರು. ಆ ಹುಲ್ಲಿನಲ್ಲಿಯೂ ಊರವರಿಗೆ ಹಕ್ಕುಂಟು.

ಹೊಲವನ್ನು ಯಾಕೆ ಹೀಗೆ ಚೂರು ಚೂರು ಹಂಚಿದರು? ನನಗೂ ಮೊದಲು ಇದು ದಡ್ಡತನ ಅನ್ನಿಸಿತು. ನಡೆದಾಡುವುದರಲ್ಲೇ ದಿನ ಹೋಗುವುದಿಲ್ಲವೇ? ಹೋಗುತ್ತದೆ. ಆದರೆ ಲಾಭವೂ ಇದೆ. ಮೂರೂ ಬಯಲಿನಲ್ಲಿ ಪಟ್ಟಿ ಇಲ್ಲದಿದ್ದರೆ ಬೀಳಿನ ವರ್ಷ ರೈತ ಏನು ತಿನ್ನಬೇಕು? ಒಳ್ಳೆಯ ಮಣ್ಣು ಒಬ್ಬನಿಗೇ, ಕೆಟ್ಟದ್ದು ಇನ್ನೊಬ್ಬನಿಗೇ ಆಗಲಿಲ್ಲ. ಹೆಚ್ಚು ಮಳೆಯಾದರೆ ತಗ್ಗಿನ ಪಟ್ಟಿ ಕೊಳೆತರೂ ದಿಬ್ಬದ ಪಟ್ಟಿ ಕೈಹಿಡಿಯುತ್ತದೆ. ಇದ್ದ ದುಡ್ಡನ್ನೆಲ್ಲ ಒಂದೇ ಕಂಪನಿಯ ಷೇರಿಗೆ ಹಾಕಬೇಡಿ ಅಂತ ನಮಗೆ ಪಾಠ ಮಾಡುತ್ತಾರಲ್ಲ, ಆ ಪಾಠವನ್ನೇ ಆ ಒಕ್ಕಲಿಗರು ಮಣ್ಣಿನಲ್ಲಿ ಮಾಡಿದ್ದರು.

ಪಟ್ಟಿಯ ಅಳತೆಯಲ್ಲಿ ನಮಗೂ ಪರಿಚಯದ ಒಂದು ಸಂಗತಿ ಇದೆ. ಎತ್ತುಗಳು ಒಂದೇ ಉಸಿರಿಗೆ ಎಳೆಯಬಲ್ಲ ಸಾಲಿನ ಉದ್ದ 220 ಗಜ, ಅದು ಒಂದು ಫರ್ಲಾಂಗು. 'ಫರೋ' ಎಂದರೆ ನೇಗಿಲ ಸಾಲು, 'ಲಾಂಗ್' ಎಂದರೆ ಉದ್ದ. ಆ ಉದ್ದಕ್ಕೆ 22 ಗಜ ಅಗಲ ಸೇರಿಸಿದರೆ 4,840 ಚದರ ಗಜ, ಅಂದರೆ ಒಂದು ಎಕರೆ. ಒಂದು ಜೋಡಣೆ ಎತ್ತು ಒಂದು ದಿನಕ್ಕೆ ಉಳುವಷ್ಟು ನೆಲ ಎಂಬ ಲೆಕ್ಕದಿಂದ ಬಂದದ್ದು ಎಕರೆ. ಆ 22 ಗಜಕ್ಕೆ ಸರ್ವೆಯವರ ಭಾಷೆಯಲ್ಲಿ ಒಂದು ಚೈನು. ಕ್ರಿಕೆಟ್ ಪಿಚ್ಚಿನ ಉದ್ದ ಅಷ್ಟೇ ಇರುವುದನ್ನು ನೀವು ಬಲ್ಲಿರಿ! ನಮ್ಮ ಪಹಣಿಯಲ್ಲಿ ಬರೆಯುವ ಎಕರೆ–ಗುಂಟೆಯ ಲೆಕ್ಕದಲ್ಲಿ 40 ಗುಂಟೆಗೆ ಒಂದು ಎಕರೆಯಲ್ಲವೆ? ಆ ಎಕರೆ ಇಂಥ ಹೊಲಗಳಿಂದಲೇ ಬ್ರಿಟಿಷರ ಜೊತೆ ಹಡಗು ಹತ್ತಿ ಬಂದದ್ದು.

ಲ್ಯಾಕ್ಸ್‌ಟನ್ನಿನ ಪಟ್ಟಿಗಳು ಹಿಂದೆ ಹೇಗಿದ್ದವು ಎಂದು ಊಹಿಸಬೇಕಾಗಿಲ್ಲ. ಸರ್ ವಿಲಿಯಂ ಕೋರ್ಟೀನ್ ಎಂಬ ಶ್ರೀಮಂತ ವ್ಯಾಪಾರಿ ಈ ಊರನ್ನು ಕೊಂಡಿದ್ದ. ವ್ಯಾಪಾರಿ ಅಂದಮೇಲೆ ಕೊಂಡ ಸರಕಿನ ಪಟ್ಟಿ ಬೇಡವೇ? ಅವನಿಗಾಗಿ ಮಾರ್ಕ್ ಪಿಯರ್ಸ್ ಎಂಬವನು 1635ರಲ್ಲಿ ಒಂದೊಂದು ಪಟ್ಟಿಯನ್ನೂ ಅಳೆದು, ಯಾವುದು ಯಾರದೆಂದು ಬರೆದು, ನಕ್ಷೆ ಮಾಡಿದ. ನಕ್ಷೆಯಲ್ಲಿ ಉಳುವವರ, ಕೊಯ್ಯುವವರ ಪುಟ್ಟ ಪುಟ್ಟ ಚಿತ್ರಗಳೂ ಇವೆ. ಅದು ಈಗ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ.

ಹಿಂದೆ ಇಂಗ್ಲೆಂಡಿನ ನಡುಸೀಮೆಯ ಬಹುಪಾಲು ಹಳ್ಳಿಗಳು ಹೀಗೆಯೇ ಇದ್ದವು. ಆಮೇಲೆ ಬಂತು ನಮ್ಮ ಗೈಡಿನ ಎನ್‌ಕ್ಲೋಷರ್. 1604ರಿಂದ 1914ರವರೆಗೆ ಪಾರ್ಲಿಮೆಂಟು ಐದು ಸಾವಿರಕ್ಕೂ ಹೆಚ್ಚು ಬೇಲಿ ಮಸೂದೆಗಳನ್ನು ಕಾನೂನು ಮಾಡಿತು. ಅವುಗಳಿಗೆ ಒಳಗಾದ ನೆಲ ಸುಮಾರು 68 ಲಕ್ಷ ಎಕರೆ, ಇಂಗ್ಲೆಂಡಿನ ಒಟ್ಟು ನೆಲದ ಐದರಲ್ಲೊಂದು ಪಾಲಿಗೂ ಮಿಕ್ಕಿ. ಚದುರಿದ ಪಟ್ಟಿಗಳನ್ನು ಕೂಡಿಸಿ ಒಬ್ಬೊಬ್ಬರಿಗೆ ಒಂದೊಂದು ಕಡೆ ಕೊಟ್ಟರು. ಸುತ್ತ ಬೇಲಿ ಬಿತ್ತು. ದೊಡ್ಡ ಹಿಡುವಳಿದಾರನಿಗೆ ಇದರಿಂದ ಅನುಕೂಲವಾಯಿತು, ಹೊಸ ಬೆಳೆ, ಹೊಸ ಪ್ರಯೋಗ ಮಾಡಲು ಬಂತು. ಗೈಡು ಹೇಳುವುದು ಸುಳ್ಳಲ್ಲ. ಆದರೆ ಎರಡು ಗುಂಟೆಯೂ ಇಲ್ಲದೆ, ಊರ ಹುಲ್ಲಿನಲ್ಲಿ ಒಂದು ಆಕಳು ಮೇಯಿಸಿ ಬದುಕುತ್ತಿದ್ದವನ ಗತಿ ಏನಾಯಿತು? ಕಾಗದದಲ್ಲಿ ಹಕ್ಕು ತೋರಿಸಲಾಗದಿದ್ದವನಿಗೆ ಏನೂ ಸಿಗಲಿಲ್ಲ. ಚೂರು ನೆಲ ಸಿಕ್ಕವನೂ ಬೇಲಿಯ ಖರ್ಚು ತಾಳದೆ ಎಷ್ಟೋ ವೇಳೆ ಮಾರಿ ಕೂಲಿಗೆ ಹೋದ. ಈ ಸಾಲು ಗೈಡಿನಲ್ಲಿ ಇರಲಿಲ್ಲ.

ಹಾಗಾದರೆ ಲ್ಯಾಕ್ಸ್‌ಟನ್ ಹೇಗೆ ಉಳಿಯಿತು? ಪುಣ್ಯವಂತರು ಬಿಟ್ಟುಕೊಟ್ಟರು ಅಂದುಕೊಳ್ಳಬೇಡಿ. ಇಲ್ಲಿಯೂ ಸಾಕಷ್ಟು ನೆಲಕ್ಕೆ ಬೇಲಿ ಬಿದ್ದಿದೆ. ಮೂರು ಬಯಲುಗಳಲ್ಲಿ ಉಳಿದಿರುವುದು ಐನೂರು ಎಕರೆಗೆ ತುಸು ಕಡಿಮೆ. ಅಷ್ಟಾದರೂ ಉಳಿಯಲು ಒಂದು ಮುಖ್ಯ ಕಾರಣ ಜಗಳ! ಊರಿನಲ್ಲಿ ಇಬ್ಬರು ಜಮೀನುದಾರರಿಗೆ ನೆಲವಿತ್ತು, ಅರ್ಲ್ ಮ್ಯಾನ್ವರ್ಸ್ ಮತ್ತು ಅರ್ಲ್ ಆಫ್ ಸ್ಕಾರ್‌ಬರೊ. ಬೇಲಿಯ ವಿಷಯದಲ್ಲಿ ಇಬ್ಬರಿಗೂ ಹೊಂದಿಕೆಯಾಗಲಿಲ್ಲ. ಕಾಲ ಕಳೆಯಿತು, ಬೇಲಿಯ ಭರಾಟೆ ಇಳಿಯಿತು. 20ನೆಯ ಶತಮಾನದ ಮೊದಲಲ್ಲಿ ಸಣ್ಣ ಪಟ್ಟಿಗಳನ್ನು ಕೂಡಿಸಿ ದೊಡ್ಡದು ಮಾಡಿದರು, ಆದರೆ ಬಯಲು ಪದ್ಧತಿ ಬಿಡಲಿಲ್ಲ. ಅಷ್ಟರಲ್ಲಿ ವಿದ್ವಾಂಸರ ಕಣ್ಣು ಬಿತ್ತು. ಆರ್ವಿನ್ ದಂಪತಿಗಳು ಈ ಊರಿನ ಹೊಲಗಳ ಮೇಲೆ ಬರೆದ ಪುಸ್ತಕ 1938ರಲ್ಲಿ ಹೊರಬಂತು. 1952ರಲ್ಲಿ ಅರ್ಲ್ ಮ್ಯಾನ್ವರ್ಸ್ ಊರನ್ನು ಸರ್ಕಾರದ ಕೃಷಿ ಖಾತೆಗೆ ಮಾರಿದ. 1981ರಲ್ಲಿ ಅದು ಕ್ರೌನ್ ಎಸ್ಟೇಟಿಗೆ ಹೋಯಿತು. 2020ರಲ್ಲಿ ಥೋರ್ಸ್‌ಬಿ ಎಸ್ಟೇಟ್ ಕೊಂಡಿತು. ಥೋರ್ಸ್‌ಬಿ ಎಂದರೆ ಅದೇ ಮ್ಯಾನ್ವರ್ಸ್ ಮನೆತನದ ಆಸ್ತಿ! ಲೆಡ್ಜರಿನಲ್ಲಿ ಒಂದು ಸುತ್ತು ಹಾಕಿ ಮೊದಲ ಖಾತೆಗೇ ಬಂದ ಹಾಗಾಯಿತು.

ಇಷ್ಟು ಸಲ ಒಡೆಯರು ಬದಲಾದರೂ ಬದಲಾಗದೆ ನಡೆದದ್ದು ಒಂದು. ಅದೇ ಕೋರ್ಟ್ ಲೀಟ್ ಎಂಬ ಊರ ಪಂಚಾಯ್ತಿ. ಪ್ರತಿ ವರ್ಷ ಚಳಿಗಾಲದ ಮೊದಲಲ್ಲಿ, ನವೆಂಬರ್ ಕೊನೆಯ ಸುಮಾರಿಗೆ, ಪಂಚರು ಸೇರಿ ಆ ವರ್ಷ ಗೋಧಿ ಬಿತ್ತಿದ ಬಯಲಿಗೆ ಹೋಗುತ್ತಾರೆ. ಪಂಚರೆಂದರೆ ಹೊರಗಿನ ಅಧಿಕಾರಿಗಳಲ್ಲ, ಅಲ್ಲೇ ಉಳುವವರು. ಯಾರಾದರೂ ಗೆರೆ ದಾಟಿ ದಾರಿಯನ್ನೋ ಹುಲ್ಲಿನ ಜಾಗವನ್ನೋ ಉತ್ತಿದ್ದಾರೆಯೇ, ಕಾಲುವೆ ಸ್ವಚ್ಛ ಇದೆಯೇ ಎಂದು ನೋಡುತ್ತಾರೆ. ಗೆರೆ ತಪ್ಪಿದಲ್ಲಿ ಗೂಟ ಹೊಡೆಯುತ್ತಾರೆ. ಸುಮಾರು ಒಂದು ವಾರದ ಮೇಲೆ ಊರ 'ಡವ್‌ಕೋಟ್' ಪಬ್ಬಿನಲ್ಲಿ ಕೋರ್ಟು ಕೂಡುತ್ತದೆ. ತಪ್ಪಿಗೆ ದಂಡ ಹಾಕುತ್ತಾರೆ, ಮುಂದಿನ ವರ್ಷದ ಪಂಚರನ್ನು ನೇಮಿಸುತ್ತಾರೆ. ಇಂದು ಗೂಟ ಹೊಡೆದವನು ನಾಳೆ ಗೂಟ ಹೊಡೆಸಿಕೊಳ್ಳಬಹುದು. ದಂಡ ಕೆಲವು ಪೌಂಡು ಮಾತ್ರ, ಆದರೆ ನೆರೆಹೊರೆಯವರ ಎದುರಿಗೆ ಹೆಸರು ಕೂಗಿಸಿಕೊಳ್ಳುವ ನಾಚಿಕೆ ದಂಡಕ್ಕಿಂತ ದೊಡ್ಡದಲ್ಲವೇ? 1977ರ ಒಂದು ಕಾನೂನಿನಿಂದ ಇಂಥ ಹಳೆಯ ಊರ ಕೋರ್ಟುಗಳ ಅಧಿಕಾರ ರದ್ದಾದಾಗ ಲ್ಯಾಕ್ಸ್‌ಟನ್ನಿನ ಕೋರ್ಟಿನ ಅಧಿಕಾರವನ್ನು ಮಾತ್ರ ಉಳಿಸಿದರು.

ಅರ್ಥಶಾಸ್ತ್ರದಲ್ಲಿ ಒಂದು ಪ್ರಸಿದ್ಧ ವಾದವಿದೆ. 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಬರೆದದ್ದು. ಎಲ್ಲರಿಗೂ ಸೇರಿದ ಹುಲ್ಲುಗಾವಲಿಗೆ ಪ್ರತಿಯೊಬ್ಬನೂ ಇನ್ನೊಂದು ದನ, ಇನ್ನೊಂದು ದನ ಎಂದು ಬಿಡುತ್ತಾ ಹೋಗುತ್ತಾನೆ, ಕೊನೆಗೆ ಹುಲ್ಲೇ ಉಳಿಯುವುದಿಲ್ಲ ಎಂದು ಅವರ ತರ್ಕ. ಕೇಳಲು ಸರಿಯಾಗಿದೆ. ಆದರೆ ಆ ಹುಲ್ಲುಗಾವಲಿನಲ್ಲಿ ಯಾರೂ ಯಾರೊಡನೆಯೂ ಮಾತಾಡುವುದಿಲ್ಲ, ಗೂಟ ಹೊಡೆಯುವವರೂ ಇಲ್ಲ! ಎಲಿನಾರ್ ಆಸ್ಟ್ರಮ್ ಎಂಬ ವಿದುಷಿ ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಹಳ್ಳಿ, ಸ್ಪೇನಿನ ನೀರಾವರಿ ಸಂಘಗಳು ಮೊದಲಾದವನ್ನು ನೋಡಿ, ಬಳಸುವವರೇ ನಿಯಮ ಮಾಡಿ ತಾವೇ ಕಾದುಕೊಂಡಲ್ಲಿ ಸಾಮಾನ್ಯ ಆಸ್ತಿ ಶತಮಾನಗಟ್ಟಲೆ ಉಳಿದಿದೆ ಎಂದು 1990ರಲ್ಲಿ ತೋರಿಸಿದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಅವರು. ಲ್ಯಾಕ್ಸ್‌ಟನ್ನಿನ ಪಂಚರು ಇದನ್ನು ಪುಸ್ತಕದಲ್ಲಿ ಓದಿರಲಿಕ್ಕಿಲ್ಲ.

ಅಲ್ಲಿ ಎಲ್ಲರೂ ಸಮಾನರು ಅಂತ ನಾನು ಹೇಳುತ್ತಿಲ್ಲ. ನೆಲದ ಒಡೆಯ ಬೇರೆ, ಉಳುವವರು ಗೇಣಿದಾರರು. ಒಬ್ಬನಿಗೆ ಹೆಚ್ಚು, ಒಬ್ಬನಿಗೆ ಕಡಿಮೆ. ಎತ್ತು ಹೋಗಿ ಟ್ರ್ಯಾಕ್ಟರು ಬಂದಿದೆ, ಒಕ್ಕಲುಗಳೂ ಕಡಿಮೆಯಾಗಿವೆ. ಮುಂದಿನ ಪೀಳಿಗೆ ಪಂಚರಾಗಲು ಊರಲ್ಲಿ ಉಳಿಯಬೇಕಲ್ಲ, ಅದೇ ಅದರ ಮುಂದಿರುವ ದೊಡ್ಡ ಪ್ರಶ್ನೆ. ಊರು ಬಿಟ್ಟು ಈ ಮಹಾನಗರಕ್ಕೆ ಬಂದ ನಮಗೆ ಆ ಪ್ರಶ್ನೆ ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಗೆ ಒಂದು ಮಾತು. ನಮ್ಮ ಅಜ್ಜನಿಗೂ ಪಕ್ಕದ ಹೊಲದವರಿಗೂ ಒಂದು ಬದುವಿನ ವ್ಯಾಜ್ಯವಿತ್ತು. ಅವರು ಬದು ಒತ್ತಿ ಉತ್ತರೆಂದು ಇವರು, ಇವರು ಒತ್ತಿದರೆಂದು ಅವರು. ಎರಡು ಸಾಲಿನಷ್ಟು ನೆಲ. ಹನ್ನೊಂದು ವರ್ಷ ತಾಲ್ಲೂಕು ಕೋರ್ಟಿಗೆ ಅಲೆದರು. ಇಬ್ಬರೂ ವಕೀಲರಿಗೆ ಕೊಟ್ಟ ದುಡ್ಡಿನಲ್ಲಿ ಅಂಥ ನೆಲ ಎಕರೆಗಟ್ಟಲೆ ಬರುತ್ತಿತ್ತೆಂದು ಅಪ್ಪ ಈಗಲೂ ಹೇಳುತ್ತಾರೆ. ಲ್ಯಾಕ್ಸ್‌ಟನ್ನಿನ ಪಂಚರು ಗೂಟ ಹಿಡಿದು ಹೊಲದಲ್ಲಿ ಹೋಗುವ ಸಂಗತಿ ಓದಿದಾಗ ನನಗೆ ಮೊದಲು ನೆನಪಾದದ್ದು ಆ ಬದು. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಅಪ್ಪನಿಗೆ ಈ ಕಥೆ ಹೇಳಬೇಕು. ಪಕ್ಕದ ಹೊಲದವರ ಮಗನೂ ಅಲ್ಲೇ ಇದ್ದರೆ ಅವನೂ ಕೇಳಲಿ.